ಎರಡು ಎಕರೆ ಐವತ್ತು ಗುಂಟೆ

ಬಿಸಿಲಿಗೆ ಹೆಸರಾದ ಕಲಬುರಗಿಯಲ್ಲಿ ಬೇಸಿಗೆಯ ಜೊತೆಗೆ ಇನ್ನೊಂದು ಕಾವೂ ಏರುತ್ತದೆ. ಇಂಜಿನಿಯರಿಂಗ್ ಕೊನೆಯ ವರ್ಷದವರು ಪ್ರಾಜೆಕ್ಟ್ ಒಪ್ಪಿಸುವ ಕಾಲ ಅದು. ಕಾಲೇಜುಗಳ ಆಸುಪಾಸಿನ ಝೆರಾಕ್ಸ್ ಅಂಗಡಿಗಳ ಮುಂದೆ ಸರತಿ. ವರದಿಗೆ ದಪ್ಪ ರಟ್ಟು, ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಪ್ರಾಂಶುಪಾಲರ ಸಹಿ. ವರ್ಷವಿಡೀ ಚಪ್ಪಲಿಯಲ್ಲಿ ಓಡಾಡಿದ ಹುಡುಗ ಅಂದು ಬೂಟು ಹಾಕಿ, ಅಣ್ಣನ ಟೈ ಕಟ್ಟಿಕೊಂಡು ಬರುತ್ತಾನೆ. ಸಡಗರವೇನೋ ಮದುವೆ ಮನೆಯದೇ. ಮುಖದ ಮೇಲಿನ ಬೆವರು ಮಾತ್ರ ಪರೀಕ್ಷೆಯದು.

ಒಳಗೆ ನಡೆಯುವುದು ಹದಿನೈದು ಇಪ್ಪತ್ತು ನಿಮಿಷದ ಆಟ. ಪ್ರೊಜೆಕ್ಟರ್ ಹಚ್ಚುತ್ತಾರೆ. ಮೊದಲ ಸ್ಲೈಡಿನಲ್ಲಿ ಹೆಸರುಗಳು, ಎರಡನೆಯದರಲ್ಲಿ ಪೀಠಿಕೆ, ಮೂರನೆಯದರಲ್ಲಿ ಹಿಂದಿನವರು ಮಾಡಿದ ಕೆಲಸದ ಪಟ್ಟಿ, ಆಮೇಲೆ ಬಾಣಗಳಿಂದ ತುಂಬಿದ ಒಂದು ಚಿತ್ರ. ಕೊನೆಯಲ್ಲಿ ಹೂವಿನ ಚಿತ್ರದೊಂದಿಗೆ ಧನ್ಯವಾದ. ಸ್ಲೈಡಿನ ಮೇಲೆ ಇದ್ದುದನ್ನೇ, ಸ್ಲೈಡಿನ ಕಡೆ ಮುಖ ಮಾಡಿ, ಒಬ್ಬರಾದ ಮೇಲೆ ಒಬ್ಬರು ಓದುತ್ತಾರೆ. ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದ ದಿನಗಳಲ್ಲಿ ಇದೇ ಕೆಲಸ ಪಾರದರ್ಶಕ ಹಾಳೆಗಳ ಮೇಲೆ ನಡೆಯುತ್ತಿತ್ತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂತು, ಹಾಳೆ ಹೋಗಿ ಲ್ಯಾಪ್‌ಟಾಪ್ ಬಂತು, ಓದುವ ಧಾಟಿ ಮಾತ್ರ ಹಾಗೇ ಉಳಿಯಿತು.

ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1958ರಲ್ಲಿ. ಆಗ ಸಾಫ್ಟ್‌ವೇರ್ ಇಂಜಿನಿಯರಿಂಗ್ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. ಅದು ಜಗತ್ತಿನ ಗಮನಕ್ಕೆ ಬಂದದ್ದು ಹತ್ತು ವರ್ಷಗಳ ನಂತರ, 1968ರ ಅಕ್ಟೋಬರಿನಲ್ಲಿ, ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನ್ಯಾಟೊ ನಡೆಸಿದ ಸಮ್ಮೇಳನದಿಂದ. ಕಂಪ್ಯೂಟರಿಗೆ ಬರೆದ ದೊಡ್ಡ ದೊಡ್ಡ ತಂತ್ರಾಂಶಗಳು ಹೇಳಿದ ದಿನಕ್ಕೆ ಮುಗಿಯುತ್ತಿರಲಿಲ್ಲ, ಹೇಳಿದ ಹಣದಲ್ಲಿ ಆಗುತ್ತಿರಲಿಲ್ಲ, ಮುಗಿದ ಮೇಲೂ ತಪ್ಪು ಲೆಕ್ಕ ಕೊಡುತ್ತಿದ್ದವು. ಸೇತುವೆ ಕಟ್ಟುವವರಿಗೆ ಇರುವ ಶಿಸ್ತು ಇದಕ್ಕೂ ಬೇಕು ಎಂಬುದು ಅಲ್ಲಿ ಸೇರಿದವರ ಚಿಂತೆ. ಕೊನೆಯ ವರ್ಷದ ಪ್ರಾಜೆಕ್ಟು ಆ ಶಿಸ್ತಿನ ಪರೀಕ್ಷೆ. ಚೆಂದದ ಇಂಗ್ಲಿಷಿನ ಪರೀಕ್ಷೆ ಅದಲ್ಲ.

ಬೀಜಗಣಿತದಲ್ಲಿ ‘ಎಕ್ಸ್ ಎಂದಿರಲಿ’ ಎನ್ನುವ ಹಾಗೆ ಇಲ್ಲೊಂದು ತಂಡ ಇರಲಿ. ನಾಲ್ವರು. ಇಬ್ಬರು ಕಲಬುರಗಿ ನಗರದವರು, ಒಬ್ಬ ಸೇಡಂ ಕಡೆಯವನು. ನಾಲ್ಕನೆಯವಳು ದಿನವೂ ಕಮಲಾಪುರದಿಂದ ಬಸ್ಸಿನಲ್ಲಿ ಬಂದುಹೋಗುವವಳು. ಹುಮನಾಬಾದ್ ರಸ್ತೆಯಲ್ಲಿ ನಲವತ್ತು ಕಿಲೋಮೀಟರಿಗಿಂತ ಕಡಿಮೆ ದೂರ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆಯಿಲ್ಲ, ಸೀಟಿನದು ಇದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಇಂಜಿನಿಯರಿಂಗ್ ಮೆಟ್ಟಿಲು ಹತ್ತಿದವಳು ಅವಳೇ ಮೊದಲು.

ಕಮಲಾಪುರ ಎಂದರೆ ಕೆಂಪು ಬಾಳೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು ಅದು. ಸಿಪ್ಪೆ ಕೆಂಪು, ತಿರುಳು ಕೆನೆ ಬಣ್ಣ, ರುಚಿ ಬೇರೆಯೇ. ಆದರೆ ಬೆಳೆಯುವವರಿಗೆ ತಾಳ್ಮೆ ಬೇಕು. ಸಾಧಾರಣ ಬಾಳೆ ವರ್ಷದ ಸುಮಾರಿಗೆ ಕೊಯ್ಲಿಗೆ ಬಂದರೆ ಇದು ಸುಮಾರು ಒಂದೂವರೆ ವರ್ಷ ಕಾಯಿಸುತ್ತದೆ. ಅಷ್ಟು ದಿನ ಗೊಬ್ಬರ, ನೀರು, ಆಳಿನ ಕೂಲಿ ಎಲ್ಲ ಕೈಯಿಂದಲೇ ಹೋಗಬೇಕು. ಹಾಗಾಗಿ ತಂಡ ಒಂದು ಮೊಬೈಲ್ ತಂತ್ರಾಂಶ ಮಾಡಲು ಹೊರಟಿತು ಎಂದಿಟ್ಟುಕೊಳ್ಳಿ. ರೈತ ತನ್ನ ಹೊಲದ ವಿಸ್ತೀರ್ಣ, ಸಸಿ ನೆಟ್ಟ ದಿನ ಇಷ್ಟು ಬರೆದರೆ ಸಾಕು. ಎಷ್ಟು ಸಸಿ, ಎಷ್ಟು ಗೊಬ್ಬರ, ಯಾವ ತಿಂಗಳು ಎಷ್ಟು ಖರ್ಚು, ಗೊನೆ ಯಾವಾಗ ಕೈಗೆ ಬರುತ್ತದೆ ಎಂಬುದನ್ನು ಅದು ಹೇಳಬೇಕು.

ಕೆಲಸ ಮುಗಿಯಿತು. ಹುಡುಗಿ ಅದನ್ನು ಊರಿಗೆ ಒಯ್ದು ಪಕ್ಕದ ಹೊಲದ ಹಿರಿಯರ ಕೈಗೆ ಕೊಟ್ಟಳು. ಅವರಿಗೆ ಎರಡು ತುಂಡು ಹೊಲ. ಪಹಣಿ ನೋಡಿ ಒಂದಕ್ಕೆ 1.30, ಇನ್ನೊಂದಕ್ಕೆ 1.20 ಎಂದು ತುಂಬಿಸಿದರು. ಪರದೆಯ ಮೇಲೆ ಒಟ್ಟು 2.50 ಎಂದು ಬಂತು.

‘ತಂಗೀ, ಐವತ್ತು ಗುಂಟಿ ಹೆಂಗ ಆಗ್ತದ? ಎಕರಿಗಿ ಇರೋದೇ ನಲವತ್ತು.’

ಪಹಣಿ ನೋಡಿದವರಿಗೆ ಇದು ಗೊತ್ತು. ಅಲ್ಲಿ 1.30 ಎಂದರೆ ಒಂದು ಎಕರೆ ಮೂವತ್ತು ಗುಂಟೆ. ನಡುವಿನ ಚುಕ್ಕಿ ದಶಮಾಂಶ ಬಿಂದುವಲ್ಲ, ಬರೀ ಗೆರೆಯ ಬದಲಿಗೆ ಇಟ್ಟ ಗುರುತು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಸೇರಿದರೆ ಒಂದು ಎಕರೆ. ಗುಂಟೆಯ ಕೆಳಗೆ ಆಣೆ ಬೇರೆ, ಗುಂಟೆಗೆ ಹದಿನಾರು. ಹಿರಿಯರ ಹೊಲ ನಿಜವಾಗಿ 70 ಗುಂಟೆ ಮತ್ತು 60 ಗುಂಟೆ, ಒಟ್ಟು 130. ಅಂದರೆ 3 ಎಕರೆ 10 ಗುಂಟೆ. ಕಂಪ್ಯೂಟರ್ ಅದನ್ನು ಎರಡೂವರೆ ಎಕರೆ ಎಂದು ತಿಳಿಯಿತು. ಮುಕ್ಕಾಲು ಎಕರೆ ಹೊಲ ಮಾಯ! ಮುಕ್ಕಾಲು ಎಕರೆಯ ಸಸಿ, ಗೊಬ್ಬರ, ಖರ್ಚು ಎಲ್ಲವೂ ಅದರ ಜೊತೆಗೆ ಮಾಯ.

ಬಸ್ಸಿನ ವೇಳೆಯಲ್ಲಿ ಈ ತಪ್ಪನ್ನು ಯಾರೂ ಮಾಡುವುದಿಲ್ಲ. 2.50ಕ್ಕೆ ಬಸ್ಸು ಎಂದರೆ ಎರಡೂವರೆಗೆ ಹೋಗಿ ನಿಲ್ಲುವವರಿಲ್ಲ. ಗಡಿಯಾರ ಎಲ್ಲರ ಕೈಯಲ್ಲಿದೆ, ಗುಂಟೆ ಎಲ್ಲರ ಕೈಯಲ್ಲಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟಕ್ಕೇ ಮುಗಿಯಲಿಲ್ಲ. 2.50 ಎಂಬುದು ಕಣ್ಣಿಗೆ ಕುಕ್ಕುವ ತಪ್ಪು. ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಮೂವತ್ತೈದು ಗುಂಟೆಯ ಮೂರು ತುಂಡು ಇರುವವರ ಗತಿ ನೋಡಿ. 0.35 ಮೂರು ಸಲ ಕೂಡಿದರೆ ಕಂಪ್ಯೂಟರ್ 1.05 ಎನ್ನುತ್ತದೆ. ಒಂದು ಎಕರೆ ಐದು ಗುಂಟೆ! ನೋಡಲು ಎಷ್ಟು ಸರಿಯಾಗಿದೆ. ನಿಜವಾದ ಲೆಕ್ಕ 105 ಗುಂಟೆ, ಅಂದರೆ 2 ಎಕರೆ 25 ಗುಂಟೆ. ಒಂದೂವರೆ ಎಕರೆ ಹೋಯಿತು, ಯಾರಿಗೂ ಸಂಶಯ ಬರಲಿಲ್ಲ. ಇನ್ನೊಂದು ತಮಾಷೆಯೂ ಉಂಟು. ಕಂಪ್ಯೂಟರಿಗೆ 2.20 ಮತ್ತು 2.2 ಒಂದೇ ಸಂಖ್ಯೆ. ಕೊನೆಯ ಸೊನ್ನೆಯನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಓದುವ ರೈತನಿಗೆ ಮಾತ್ರ ಇಪ್ಪತ್ತು ಗುಂಟೆ ಎರಡು ಗುಂಟೆಯಾಗಿ ಕಾಣುತ್ತದೆ.

ಪರಿಹಾರ ಕಷ್ಟದ್ದಲ್ಲ. ಎಕರೆಗೊಂದು ಜಾಗ, ಗುಂಟೆಗೊಂದು ಜಾಗ ಬೇರೆ ಬೇರೆ ಕೊಡಬೇಕು. ಒಳಗೆ ಎಲ್ಲವನ್ನೂ ಗುಂಟೆಗೆ, ಬೇಕಾದರೆ ಆಣೆಗೆ ಇಳಿಸಿ ಪೂರ್ಣಾಂಕದಲ್ಲೇ ಕೂಡಬೇಕು. ತೋರಿಸುವಾಗ ಮಾತ್ರ ಮತ್ತೆ ಎಕರೆ ಮಾಡಬೇಕು. ಹತ್ತು ಸಾಲಿನ ಕೆಲಸ. ಆದರೆ ಆ ಹತ್ತು ಸಾಲು ಬೇಕು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಸಿಗದೆ ಕಮಲಾಪುರದ ಹೊಲದ ಬದುವಿನ ಮೇಲೆ ಸಿಕ್ಕಿತು. ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು 2000ದ ಸುಮಾರಿಗೆ ಕಂಪ್ಯೂಟರಿಗೆ ಏರಿಸಿದ್ದು ದೇಶಕ್ಕೇ ಮಾದರಿ ಎನಿಸಿತು. ಅಂಥ ದಾಖಲೆಯನ್ನು ಆಧಾರವಾಗಿ ಇಟ್ಟುಕೊಂಡು ತಂತ್ರಾಂಶ ಮಾಡಹೊರಟವರು ಮೊದಲು ಪಹಣಿ ಓದಲು ಕಲಿಯಬೇಕು.

ಮಾನಗಳ ಗಲಿಬಿಲಿಯನ್ನು ಹಳ್ಳಿಯ ಸಮಸ್ಯೆ ಎಂದು ನಗುವ ಹಾಗಿಲ್ಲ. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹಕ್ಕೆ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆ ಕಳಿಸಿತು. ನೆಲದ ಮೇಲಿನ ಒಂದು ತಂತ್ರಾಂಶ ನೌಕೆಯ ಪುಟ್ಟ ರಾಕೆಟ್ಟುಗಳ ತಳ್ಳುವಿಕೆಯನ್ನು ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು. ಅದನ್ನು ಓದಿದ ಇನ್ನೊಂದು ತಂತ್ರಾಂಶ ನ್ಯೂಟನ್-ಸೆಕೆಂಡ್ ಎಂದು ತಿಳಿಯಿತು. ಎರಡಕ್ಕೂ ನಡುವೆ 4.45 ಪಟ್ಟು ಅಂತರ. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳದ ತೀರಾ ಹತ್ತಿರಕ್ಕೆ ಹೋಗಿ ನಾಶವಾಯಿತು. ಲೆಕ್ಕ ಎಲ್ಲೋ ಹೊಂದುತ್ತಿಲ್ಲ ಎಂದು ದಾರಿ ನೋಡಿಕೊಳ್ಳುತ್ತಿದ್ದವರಿಗೆ ಮೊದಲೇ ಅನಿಸಿತ್ತು. ಆ ಅನುಮಾನ ಕೇಳಬೇಕಾದವರ ಕಿವಿಗೆ ಬೀಳಬೇಕಾದ ರೀತಿಯಲ್ಲಿ ಬೀಳಲಿಲ್ಲ. ಹತ್ತನೆಯ ತರಗತಿಯಲ್ಲಿ ಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕಡಿದರೆ ಮಕ್ಕಳು ಮುಖ ಊದಿಸುತ್ತಾರೆ. ಮಂಗಳನ ಬಳಿ ಕಡಿದದ್ದು ಇಡೀ ನೌಕೆಯನ್ನು.

ಈಗ ನಮ್ಮ ನಾಲ್ವರು ಪರೀಕ್ಷಕರ ಮುಂದೆ ನಿಂತಿದ್ದಾರೆ ಎನ್ನಿ. ಮಾತಾಡುವವನು ಯಾರು? ನಗರದ ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗ. ಅವನ ತಪ್ಪೇನೂ ಅಲ್ಲ, ತಂಡದವರೇ ಮುಂದೆ ತಳ್ಳಿದ್ದಾರೆ. ಕಮಲಾಪುರದ ಹುಡುಗಿ ಲ್ಯಾಪ್‌ಟಾಪ್ ಹಿಂದೆ ಕುಳಿತು ಸ್ಲೈಡ್ ಬದಲಿಸುತ್ತಾಳೆ. ಹುಡುಗ ಕ್ಲೌಡ್ ಬಗ್ಗೆ, ಕೃತಕ ಬುದ್ಧಿಮತ್ತೆಯ ಬಗ್ಗೆ ನಿರರ್ಗಳವಾಗಿ ಹೇಳುತ್ತಾನೆ. ಎರಡು ಎಕರೆ ಐವತ್ತು ಗುಂಟೆಯ ವಿಷಯ ಒಂದು ಸ್ಲೈಡಿನಲ್ಲೂ ಇಲ್ಲ. ಯಾಕೆ? ತಪ್ಪು ಮಾಡಿದ್ದನ್ನು ಪರೀಕ್ಷಕರ ಮುಂದೆ ಹೇಳಿದರೆ ಅಂಕ ಹೋಗುತ್ತದೆ ಎಂಬ ಭಯ. ಇಡೀ ವರ್ಷದಲ್ಲಿ ತಂಡ ಕಲಿತ ಒಂದೇ ಒಂದು ಗಟ್ಟಿ ವಿಷಯ ಹೀಗೆ ಬಾಗಿಲ ಹೊರಗೇ ಉಳಿದುಬಿಡುತ್ತದೆ.

ಜಗತ್ತಿನ ಅತ್ಯಂತ ಪ್ರಸಿದ್ಧ ಕಂಪ್ಯೂಟರ್ ಪ್ರದರ್ಶನ ನಡೆದದ್ದು ಅದೇ 1968ರ ಡಿಸೆಂಬರ್ 9ರಂದು, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ. ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬಾತ ತೊಂಬತ್ತು ನಿಮಿಷ ವೇದಿಕೆಯ ಮೇಲೆ ಕುಳಿತು ಮೌಸ್ ಎಂಬ ಹೊಸ ಸಾಧನವನ್ನು ಓಡಿಸಿ ತೋರಿಸಿದ. ಪರದೆಯ ಮೇಲೆ ಬರೆಯುವುದು, ತಿದ್ದುವುದು, ಒಂದು ಪದ ಒತ್ತಿದರೆ ಇನ್ನೊಂದು ಪುಟಕ್ಕೆ ಹೋಗುವುದು, ಮೈಲಿಗಟ್ಟಲೆ ದೂರದ ಮೆನ್ಲೊ ಪಾರ್ಕಿನಲ್ಲಿದ್ದ ಸಹೋದ್ಯೋಗಿಗಳ ಮುಖ ನೋಡುತ್ತಾ ಮಾತಾಡುವುದು, ಎಲ್ಲವನ್ನೂ ಅಂದೇ ತೋರಿಸಿದ. ಇಷ್ಟು ದೊಡ್ಡ ವಿಷಯವನ್ನು ಆತ ವಿವರಿಸಿದ್ದು ಯಾವ ಉದಾಹರಣೆಯಿಂದ ಗೊತ್ತೆ? ಮನೆಗೆ ತರಬೇಕಾದ ಸಂತೆಯ ಚೀಟಿಯಿಂದ. ಬಾಳೆಹಣ್ಣು, ಗಜ್ಜರಿ, ಆಸ್ಪಿರಿನ್ ಮಾತ್ರೆ ಎಂದು ಪಟ್ಟಿ ಬರೆದು, ಅದನ್ನು ವಿಂಗಡಿಸಿ, ಯಾವ ಅಂಗಡಿಗೆ ಮೊದಲು ಹೋಗಬೇಕೆಂದು ನಕ್ಷೆ ತೋರಿಸಿದ. ಎದುರಿಗೆ ಕುಳಿತಿದ್ದವರು ಕಂಪ್ಯೂಟರ್ ಪಂಡಿತರೇ. ಆದರೂ ಬಾಳೆಹಣ್ಣಿನ ಚೀಟಿ ಅವರಿಗೆ ಸಣ್ಣದೆನಿಸಲಿಲ್ಲ.

ಕಮಲಾಪುರದ ತಂಡದ ಬಳಿ ಅದಕ್ಕಿಂತ ಒಳ್ಳೆಯ ಚೀಟಿ ಇದೆ. ಮೊದಲ ಸ್ಲೈಡಿನಲ್ಲಿ ಹೆಸರು ಗುರುತು ಮರೆಸಿದ ಒಂದು ಪಹಣಿ ತೋರಿಸಿ, ‘ಇದರಲ್ಲಿ 1.30, 1.20 ಎಂದಿದೆ, ಕೂಡಿದರೆ ಎಷ್ಟು?’ ಎಂದು ಪರೀಕ್ಷಕರನ್ನೇ ಕೇಳಿ ನೋಡಲಿ. ಕೋಣೆಯಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಬಾಣದ ಚಿತ್ರ ಆಮೇಲೆ ಬರಲಿ.

ಪ್ರದರ್ಶನದ ಹೊತ್ತಿಗೆ ಯಂತ್ರ ಕೈಕೊಟ್ಟರೆ? ಕೊಡುತ್ತದೆ. 1998ರ ಏಪ್ರಿಲ್ 20ರಂದು ಷಿಕಾಗೊದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ಎದುರಿಗೇ ವಿಂಡೋಸ್ 98ರ ಪ್ರದರ್ಶನ ನಡೆದಿತ್ತು. ಸಹಾಯಕ ಒಂದು ಸ್ಕ್ಯಾನರ್ ಜೋಡಿಸಿದ್ದೇ ತಡ, ಪರದೆ ಪೂರಾ ನೀಲಿ! ಸಭೆ ಘೊಳ್ಳೆಂದು ನಕ್ಕಿತು. ಇದನ್ನಿನ್ನೂ ಮಾರಾಟಕ್ಕೆ ಬಿಟ್ಟಿಲ್ಲದಿರುವುದು ಇದಕ್ಕೇ ಇರಬೇಕು ಎಂದು ಗೇಟ್ಸ್ ತಾನೂ ನಕ್ಕು ಮುಂದೆ ಸಾಗಿದ. ಜೂನಿನಲ್ಲಿ ಅದು ಮಾರುಕಟ್ಟೆಗೆ ಬಂದೇ ಬಂತು. ಅಷ್ಟು ದೊಡ್ಡ ಕಂಪನಿಗೆ ಆದದ್ದು ವಿದ್ಯಾರ್ಥಿಗಳಿಗೆ ಆದರೆ ಅವಮಾನವೇನಲ್ಲ. ಆದರೂ ಬುದ್ಧಿವಂತರು ತಯಾರಿ ಮಾಡಿಕೊಂಡು ಹೋಗುತ್ತಾರೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಹಾಗೆ ಮಾಹಿತಿಯನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಬೇಕು. ಹಿಂದಿನ ದಿನ ಸರಿಯಾಗಿ ನಡೆದಾಗ ಒಂದು ವಿಡಿಯೊ ಮಾಡಿಟ್ಟುಕೊಳ್ಳಬೇಕು. ಕರೆಂಟು ಹೋದರೆ ಏನು ಮಾಡುವುದೆಂದು ಕಲಬುರಗಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಿಂದಿನ ರಾತ್ರಿ ಹೊಸ ಸೌಲಭ್ಯ ಸೇರಿಸುವ ಚಪಲ ಮಾತ್ರ ಬೇಡವೇ ಬೇಡ. ಮಾರನೆಯ ದಿನ ಕೆಡುವ ಪ್ರಾಜೆಕ್ಟುಗಳಲ್ಲಿ ಬಹುಪಾಲು ಹಿಂದಿನ ರಾತ್ರಿ ‘ಇನ್ನೂ ಚೆಂದ’ ಮಾಡಿದವು.

ಭಾಷೆಯ ಮಾತನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಕಮಲಾಪುರ ದಾಟಿ ಹುಮನಾಬಾದ್ ಮೇಲೆ ಹೋದರೆ ಭಾಲ್ಕಿ ಸಿಗುತ್ತದೆ. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ಎಐಸಿಟಿಇ ಅನುಮತಿ ಕೊಟ್ಟಾಗ, ಕನ್ನಡದಲ್ಲಿ ಕಲಿಸಲು ಮುಂದೆ ಬಂದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯೂ ಒಂದು. ನಿರೀಕ್ಷಿಸಿದಷ್ಟು ವಿದ್ಯಾರ್ಥಿಗಳು ಬರಲಿಲ್ಲ. ತಂದೆತಾಯಿಯರನ್ನು ದೂರಿ ಪ್ರಯೋಜನವಿಲ್ಲ. ಕೆಲಸ ಕೊಡುವ ಕಂಪನಿ ಕನ್ನಡದಲ್ಲಿ ಸಂದರ್ಶನ ಮಾಡುತ್ತದೆಯೇ ಎಂಬ ಅವರ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಇಡೀ ಪದವಿ ಕನ್ನಡದಲ್ಲಿ ಆಗುವುದು ದೂರದ ಮಾತು. ಹದಿನೈದು ನಿಮಿಷದಲ್ಲಿ ಐದು ನಿಮಿಷ ಆಗದೇ? ವಿಟಿಯು ಪಠ್ಯದಲ್ಲಿ ಸಾಂಸ್ಕೃತಿಕ ಕನ್ನಡ ಎಂಬ ವಿಷಯಕ್ಕೆ ಕ್ರೆಡಿಟ್ ಇದೆ. ಆದರೆ ಅದೇ ಕನ್ನಡದಲ್ಲಿ ಗುಂಟೆಯ ಲೆಕ್ಕ ವಿವರಿಸಲು ಹೊರಟ ಹುಡುಗಿ, ಅನುಮತಿ ಬೇಡುವವಳಂತೆ ಪರೀಕ್ಷಕರ ಮುಖ ನೋಡಬೇಕಾಗುತ್ತದೆ.

ಇಂಗ್ಲಿಷ್ ಬೇಡ ಎಂಬುದು ಇಲ್ಲಿನ ವಾದವಲ್ಲ. ವರದಿ ಇಂಗ್ಲಿಷಿನಲ್ಲೇ ಇರಲಿ, ಸ್ಲೈಡೂ ಇರಲಿ. ಮಾಡಿದ ಕೆಲಸವನ್ನು ವಿವರಿಸುವಾಗ ಮಾತು ತಡವರಿಸಿದರೆ, ತಡವರಿಸಿದ್ದು ನಾಲಿಗೆಯೋ ತಿಳಿವಳಿಕೆಯೋ ಎಂದು ಪರೀಕ್ಷಕರು ಕಂಡುಕೊಳ್ಳಬೇಕು. ಅದಕ್ಕೆ ಸುಲಭದ ಉಪಾಯ, ‘ಕನ್ನಡದಾಗ ಹೇಳವ್ವಾ, ಏನ್ ಆಯ್ತು?’ ಎಂದು ಕೇಳುವುದು. ಕಲಿತವಳಾದರೆ ಕಟ್ಟೆಯೊಡೆದ ಹಾಗೆ ಹೇಳುತ್ತಾಳೆ. ಕಲಿಯದವರು ಯಾವ ಭಾಷೆಯಲ್ಲಿ ಕೇಳಿದರೂ ಸ್ಲೈಡಿನ ಕಡೆಗೇ ತಿರುಗುತ್ತಾರೆ.

ಹಾಗೆ ತಿರುಗುವವರು ಕಡಿಮೆಯಿಲ್ಲ. ಸಿದ್ಧ ಪ್ರಾಜೆಕ್ಟು ಮಾರುವ ಅಂಗಡಿಗಳು ದೇಶದ ಹಲವು ಊರುಗಳಲ್ಲಿ ಇವೆ. ಹಣ ಕೊಟ್ಟರೆ ತಂತ್ರಾಂಶ, ವರದಿ, ಸ್ಲೈಡು, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳು, ಅವಕ್ಕೆ ಉತ್ತರ ಎಲ್ಲವೂ ಒಂದೇ ಕಟ್ಟಿನಲ್ಲಿ. ಈಗಂತೂ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಅಂಗಡಿಗೂ ಹೋಗಬೇಕಾಗಿಲ್ಲ. ವಿಪರ್ಯಾಸವೆಂದರೆ ಕೊಂಡು ತಂದ ಪ್ರಾಜೆಕ್ಟುಗಳೇ ಕೋಣೆಯಲ್ಲಿ ಹೆಚ್ಚು ಹೊಳೆಯುತ್ತವೆ. ಅವುಗಳಲ್ಲಿ ಒಂದೂ ತಪ್ಪಿರುವುದಿಲ್ಲ, ಒಂದೂ ಅನುಮಾನ ಇರುವುದಿಲ್ಲ, ಮುಂದೆ ಮಾಡಬೇಕಾದದ್ದು ಎಂಬ ಕೊನೆಯ ಸ್ಲೈಡಿನಲ್ಲಿ ಎಲ್ಲರದೂ ಒಂದೇ ಮಾತು. ನಾಲ್ಕು ಮನೆಗಳು ನಾಲ್ಕು ವರ್ಷ ಫೀ ಕಟ್ಟಿದ್ದಕ್ಕೆ ಇದು ಫಲ. ಕೊಂಡವರು ಪಾಸಾಗುವುದಕ್ಕಿಂತ ದುಃಖದ ಸಂಗತಿ ಇನ್ನೊಂದಿದೆ: ಪಕ್ಕದ ಬೆಂಚಿನಲ್ಲಿ ತಾವೇ ಮಾಡಿ, ಅರ್ಧ ಕೆಟ್ಟು, ಮತ್ತೆ ಸರಿಮಾಡಿದವರು ತಮ್ಮದು ಸಪ್ಪೆ ಎಂದುಕೊಂಡು ತಲೆ ತಗ್ಗಿಸುವುದು.

ಕಷ್ಟಪಟ್ಟು ಮಾಡಿದವರಿಗೆ ಬೇರೆ ಬಾಗಿಲುಗಳೂ ಇವೆ ಎಂಬುದು ಬಹಳ ಮಂದಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ಆಯ್ದ ಪ್ರಾಜೆಕ್ಟುಗಳನ್ನು ತಜ್ಞರು ಬಂದು ನೋಡುತ್ತಾರೆ, ಒಳ್ಳೆಯವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಶುರುವಾದದ್ದು 2017ರಲ್ಲಿ. ಇಂಥ ಕಡೆ ಗುಂಟೆಯ ಲೆಕ್ಕ ಹಿಡಿದವರಿಗೆ ಬೆಲೆ ಇದೆ.

ಇನ್ನು ಹೊರಗಿನಿಂದ ಬರುವ ಪರೀಕ್ಷಕರ ಕೆಲಸ. ಅವರಿಗೂ ದಿನಕ್ಕೆ ಅದೆಷ್ಟೋ ತಂಡಗಳು, ಅದೇ ಸ್ಲೈಡು, ಅದೇ ಸೆಕೆ. ಊಟದ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣತೊಡಗಿದರೆ ಆಶ್ಚರ್ಯವಿಲ್ಲ. ಸ್ಲೈಡು ನಿಲ್ಲಿಸಿ, ತಂತ್ರಾಂಶ ತೆರೆಯಲು ಹೇಳಿ, ವಿಸ್ತೀರ್ಣದ ಜಾಗದಲ್ಲಿ ಎರಡು ಎಕರೆ ನಲವತ್ತೈದು ಗುಂಟೆ ಎಂದು ತುಂಬಿಸಲು ಹೇಳಿದರೆ ಅರ್ಧ ನಿಮಿಷ ಹಿಡಿಯುತ್ತದೆ. ಯಂತ್ರ ಅದನ್ನು ಸುಮ್ಮನೆ ನುಂಗಿಕೊಂಡರೆ ಒಂದು ಉತ್ತರ ಸಿಕ್ಕಿತು. ‘ಎಕರೆಗೆ ನಲವತ್ತೇ ಗುಂಟೆ, ಸರಿಪಡಿಸಿ’ ಎಂದು ಕನ್ನಡದಲ್ಲಿ ಹೇಳಿ ವಾಪಸು ಕಳಿಸಿದರೆ, ಈ ಸಾಲು ಬರೆದವರು ಯಾರು ಎಂದು ಕೇಳಬೇಕು. ಲ್ಯಾಪ್‌ಟಾಪ್ ಹಿಂದೆ ಕುಳಿತವಳು ತಲೆ ಎತ್ತುತ್ತಾಳೆ. ಉಳಿದ ಹತ್ತು ನಿಮಿಷ ಅವಳಿಗೆ ಕೊಡಲಿ.